ಪುಟ್ಟ ಗೊಂಬೆಯ ಮುಖಕ್ಕೆ ಕಣ್ಣು, ಹುಬ್ಬು ಬರೆಯುವಾಗ ಗೆರೆ ದಪ್ಪವಾಗುವುದೇಕೆ?

ನಿಮ್ಮ ತೊಂದರೆ ಎರಡು. 4 ಸೆಂ.ಮೀ. ಎತ್ತರದ ಪ್ಲಾಸ್ಟಿಕ್ ಗೊಂಬೆಗೆ 000 ನಂಬರಿನ ಅತಿ ಸಣ್ಣ ಬ್ರಷ್‌ನಲ್ಲಿ ಬರೆದರೂ ಗೆರೆ ದಪ್ಪ ಬರುತ್ತಿದೆ. ಒಣಗಿದ ಮೇಲೆ ಉಗುರು ತಾಗಿದರೆ ಸಾಕು, ಬಣ್ಣ ಸಿಪ್ಪೆಯ ಹಾಗೆ ಎದ್ದು ಬರುತ್ತಿದೆ. ಬಣ್ಣ ಏಳುವುದಕ್ಕೆ ಮದ್ದು ಸುಲಭ, ಅದನ್ನು ಮೊದಲು ಹೇಳಿಬಿಡುತ್ತೇನೆ.

ಗೊಂಬೆ ಅಚ್ಚಿನಿಂದ ಸಲೀಸಾಗಿ ಬಿಡಲಿ ಎಂದು ಹಾಕುವ ಜಿಡ್ಡು ಮೈಮೇಲೆ ಉಳಿದಿರಬಹುದು. ಅದರ ಮೇಲೆ ನಮ್ಮ ಬೆರಳಿನ ಎಣ್ಣೆಯೂ ಸೇರುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ಹಳೆಯ ಮೆತ್ತನೆಯ ಟೂತ್‌ಬ್ರಷ್‌ನಿಂದ ತಿಕ್ಕಿ, ಚೆನ್ನಾಗಿ ಜಾಲಿಸಿ, ಒಂದು ರಾತ್ರಿ ಒಣಗಲು ಬಿಡಿ. ಆಮೇಲೆ ಗೊಂಬೆಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬಾಟಲಿ ಮುಚ್ಚಳಕ್ಕೆ ಅಂಟುಪುಟ್ಟಿಯಿಂದ ಕೂರಿಸಿ, ಮುಚ್ಚಳವನ್ನೇ ಹಿಡಿದು ಕೆಲಸ ಮಾಡಿ. ಉಗುರುಬಣ್ಣ ತೆಗೆಯುವ ಅಸಿಟೋನ್ ಹತ್ತಿರವೂ ಬರಬಾರದು, ಗಟ್ಟಿ ಎಬಿಎಸ್ ಪ್ಲಾಸ್ಟಿಕ್ ಅದರಲ್ಲಿ ಕರಗುತ್ತದೆ.

ಗೊಂಬೆ ಬಾಗುವಂಥ ಮೆತ್ತನೆ ಪಿವಿಸಿ ಆಗಿದ್ದರೆ ಇನ್ನೊಂದು ಎಚ್ಚರ ಬೇಕು. ಅದನ್ನು ಮೆತ್ತಗಿಡುವ ರಾಸಾಯನಿಕ ಎನಾಮೆಲ್ ಬಣ್ಣದೊಳಗೂ, ಬಣ್ಣಕ್ಕೆ ಮೊದಲು ಅಡಿಕೋಟಾಗಿ ಹೊಡೆಯುವ ಕೆಲವು ಸ್ಪ್ರೇ ಪ್ರೈಮರ್‌ಗಳೊಳಗೂ ಇಳಿಯುತ್ತದೆ. ಆಗ ಬಣ್ಣ ತಿಂಗಳುಗಟ್ಟಲೆ ಅಂಟಂಟಾಗಿಯೇ ಉಳಿಯಬಹುದು. ಇಂಥ ಗೊಂಬೆಗೆ ನೀರಿನಲ್ಲಿ ಬೆರೆಯುವ ಅಕ್ರಿಲಿಕ್ ಬಣ್ಣ ಮತ್ತು ಪ್ರೈಮರ್ ಮಾತ್ರ ಬಳಸಿ.

ಕಾರ್ಖಾನೆಯ ಬಣ್ಣವನ್ನು ಹಾಗೇ ಇಟ್ಟುಕೊಂಡು ಮುಖ ಮಾತ್ರ ಬದಲಿಸುವುದಾದರೆ ಪ್ರೈಮರ್ ಬೇಡ. ಅದರ ಬದಲು ಸ್ಯಾಟಿನ್ ಅಕ್ರಿಲಿಕ್ ವಾರ್ನಿಷ್ ಒಂದು ತೆಳು ಕೋಟ್ ಕೊಟ್ಟು 24 ಗಂಟೆ ಬಿಡಿ. ಪೂರ್ತಿ ಹೊಳಪಿನ ವಾರ್ನಿಷ್ ಮೇಲೆ ತೆಳು ಬಣ್ಣ ಹನಿಹನಿಯಾಗಿ ಒಡೆಯುತ್ತದೆ. ಹೊಳಪಿಲ್ಲದ ಮ್ಯಾಟ್ ಆದರೆ ಬಣ್ಣವನ್ನು ತಕ್ಷಣ ಹಿಡಿದುಕೊಳ್ಳುತ್ತದೆ, ತಪ್ಪಿದರೆ ಒರೆಸಲು ಬಿಡುವುದಿಲ್ಲ. ಸ್ಯಾಟಿನ್ ಇವೆರಡರ ನಡುವಿನದು.

ಇನ್ನು ಗೆರೆಯ ವಿಚಾರ. 000 ಬ್ರಷ್ಷೇ ನಿಮ್ಮ ಕೈ ಕಟ್ಟಿಹಾಕಿದೆ ಎಂದರೆ ನಂಬುವುದು ಕಷ್ಟ, ಆದರೆ ನಿಜ. ಅದರಲ್ಲಿರುವ ನಾಲ್ಕು ಕೂದಲು ಬಣ್ಣವನ್ನೇ ಹಿಡಿಯುವುದಿಲ್ಲ. ತಟ್ಟೆಯಿಂದ ಗೊಂಬೆಯ ಮುಖಕ್ಕೆ ಬರುವಷ್ಟರಲ್ಲಿ ತುದಿ ಅರ್ಧ ಒಣಗಿರುತ್ತದೆ. ಬಣ್ಣ ಇಳಿಯಲಿಲ್ಲವೆಂದು ನೀವು ಒತ್ತುತ್ತೀರಿ, ಒತ್ತಿದ ಕೂಡಲೇ ಕೂದಲು ಅಗಲವಾಗಿ ಗೆರೆ ದಪ್ಪವಾಗುತ್ತದೆ. ಹೊಟ್ಟೆ ತುಂಬಿದ, ತುದಿ ಚೂಪಾದ 0 ಅಥವಾ 1 ನಂಬರಿನ ದುಂಡು ಬ್ರಷ್ ತೆಗೆದುಕೊಳ್ಳಿ. ಕೊಲಿನ್ಸ್ಕಿ ಸೇಬಲ್ (ಒಂದು ಜಾತಿಯ ವೀಸೆಲ್ ಪ್ರಾಣಿಯ ಬಾಲದ ಕೂದಲು) ಆದರೆ ಬಹಳ ಒಳ್ಳೆಯದು. ನೀರಿನಲ್ಲಿ ಅದ್ದಿ ಒಮ್ಮೆ ಕೊಡವಿ ನೋಡಿ: ಕೂದಲೆಲ್ಲ ಸೇರಿ ಒಂದೇ ಮೊನೆ ಆಗಬೇಕು. ಎರಡು ಮೊನೆಯಾದರೆ ಆ ಬ್ರಷ್ ಕಣ್ಣಿನ ಕೆಲಸಕ್ಕಲ್ಲ. ಕೂದಲಿನ ಅರ್ಧಕ್ಕಿಂತ ಮೇಲೆ ಬಣ್ಣ ಹತ್ತಲು ಬಿಡಬೇಡಿ, ಲೋಹದ ಪಟ್ಟಿಯೊಳಗೆ ಬಣ್ಣ ಒಣಗಿದರೆ ಮೊನೆ ಹೋದಂತೆಯೇ.

ಬಣ್ಣದ ಹದಕ್ಕೆ ಒಂದು ಹನಿ ಬಣ್ಣ, ಒಂದು ಹನಿ ನೀರಿನಿಂದ ಶುರು ಮಾಡಿ. ಬಣ್ಣದಿಂದ ಬಣ್ಣಕ್ಕೆ ಲೆಕ್ಕ ಬದಲಾಗುತ್ತದೆ, ಹಾಗಾಗಿ ಪರೀಕ್ಷೆ ಹೆಬ್ಬೆರಳಿನ ಉಗುರಿನ ಮೇಲೆ ಮಾಡಿ. ಎಳೆದ ಗೆರೆ ನಡುವೆ ತುಂಡಾದರೆ ಬಣ್ಣ ಇನ್ನೂ ಗಟ್ಟಿ. ಎಳೆದ ಮೇಲೆ ತಾನಾಗಿ ಹರಡಿದರೆ ನೀರು ಹೆಚ್ಚು. ತೀರಾ ನೀರಾದ ಬಣ್ಣ ಒಣಗುವಾಗ ಅಂಚಿಗೆ ಸರಿದು ಉಂಗುರದಂಥ ಕಲೆ ಬಿಡುತ್ತದೆ. ಇನ್ನೂ ತೆಳು ಬೇಕಿದ್ದರೆ ನೀರಿನ ಬದಲು ಅಕ್ರಿಲಿಕ್ ಮೀಡಿಯಂ (ಬಣ್ಣದ ಪುಡಿ ಇಲ್ಲದ ಅಕ್ರಿಲಿಕ್ ದ್ರವ) ಸೇರಿಸಿ. ಬಣ್ಣ ಬೇಗ ಒಣಗದಿರಲು ಮುಚ್ಚಳವಿರುವ ಚಪ್ಪಟೆ ಡಬ್ಬಿಯಲ್ಲಿ ಒದ್ದೆ ಸ್ಪಂಜು, ಅದರ ಮೇಲೆ ಬೇಕಿಂಗ್ ಪೇಪರ್ ಹಾಸಿ ಅಲ್ಲಿ ಕಲಸಿ.

ಬಹಳ ಜನ ಬಿಟ್ಟುಬಿಡುವ ಹೆಜ್ಜೆ ಇದು: ಬಣ್ಣ ತೆಗೆದ ಮೇಲೆ ಬ್ರಷ್‌ನ ಹೊಟ್ಟೆಯನ್ನು ಟಿಶ್ಯೂ ಮೇಲೆ ಒಮ್ಮೆ ಹೊರಳಿಸಿ. ಭೂತಗನ್ನಡಿಯಲ್ಲಿ ನೋಡಿದರೆ ಅದ್ದಿ ತೆಗೆದ ಮೊನೆಯಲ್ಲಿ ಒಂದು ಪುಟ್ಟ ಮಣಿಯಂತೆ ಬಣ್ಣ ನಿಂತಿರುತ್ತದೆ. ಗೊಂಬೆಗೆ ತಾಗಿದ ಕ್ಷಣ ಅದು ಪೂರ್ತಿ ಇಳಿದು ಕೆನ್ನೆಯವರೆಗೆ ಹರಿಯುತ್ತದೆ. ಹೊರಳಿಸಿದರೆ ಮಣಿ ಹೋಗಿ ಮೊನೆ ಮತ್ತೆ ಸೂಜಿಯಾಗುತ್ತದೆ.

ಮೊಣಕೈ ಎರಡೂ ಮೇಜಿನ ಮೇಲಿರಲಿ, ಎರಡೂ ಮಣಿಕಟ್ಟು ಒಂದಕ್ಕೊಂದು ಆತುಕೊಂಡಿರಲಿ. ಕೈ ನಡುಗಿದರೂ ಎರಡೂ ಒಟ್ಟಿಗೆ ನಡುಗುತ್ತವೆ, ಗೆರೆ ಕೆಡುವುದಿಲ್ಲ. ಗೆರೆಯನ್ನು ನಿಮ್ಮ ಕಡೆಗೆ ಎಳೆಯಿರಿ, ದೂರಕ್ಕೆ ತಳ್ಳಬೇಡಿ. ದಿಕ್ಕು ಬದಲಿಸಬೇಕಾದರೆ ಗೊಂಬೆಯನ್ನು ತಿರುಗಿಸಿ.

ಕಣ್ಣಿಗೆ ನಾನು ಅನುಸರಿಸುವ ಕ್ರಮ ಹೀಗೆ. ಮುಖದ ಬಣ್ಣವನ್ನು ಮೊದಲೇ ಸಾಕಷ್ಟು ಕಲಸಿ ಮುಚ್ಚಿಡಿ, ಕೊನೆಗೆ ತಿದ್ದಲು ಅದೇ ಬೇಕು. ಅಕ್ರಿಲಿಕ್ ಒಣಗಿದಾಗ ಸ್ವಲ್ಪ ಗಾಢವಾಗುವುದರಿಂದ, ಹೊಂದುತ್ತದೆಯೇ ಎಂದು ಕತ್ತಿನ ಹಿಂದೆ ಹಚ್ಚಿ, ಒಣಗಿದ ಮೇಲೆ ನೋಡಿ. ಈಗ ಕಣ್ಣಿನ ಜಾಗಕ್ಕೆ ಗಾಢ ಕಂದು ಬಣ್ಣದಲ್ಲಿ ಬಾದಾಮಿಯಾಕಾರ ಬರೆಯಿರಿ. ದೊಡ್ಡದಾದರೂ ಚಿಂತೆಯಿಲ್ಲ. ಒಣಗಿದ ಮೇಲೆ ಅದರೊಳಗೆ ದಂತದ ಬಣ್ಣ ತುಂಬಿ, ಅಂಚಿನಲ್ಲಿ ಕಂದು ಕೂದಲೆಳೆಯಷ್ಟು ಉಳಿಯಲಿ. ಅದೇ ರೆಪ್ಪೆ. ಅಚ್ಚಬಿಳಿ ಬೇಡ, ಮುಖದಿಂದ ಕಣ್ಣು ಸಿಡಿದು ಬಂದಂತೆ ಕಾಣುತ್ತದೆ. ಕಣ್ಣಪಾಪೆಯನ್ನು ಚುಕ್ಕೆಯಾಗಿ ಇಡುವ ಬದಲು ಮೇಲಿನ ರೆಪ್ಪೆಯಿಂದ ಕೆಳಗಿನ ರೆಪ್ಪೆಗೆ ಒಂದು ನೇರ ಗೆರೆಯಾಗಿ ಎಳೆಯಿರಿ. ಸುತ್ತಲೂ ಬಿಳಿ ಉಳಿದರೆ ಗೊಂಬೆ ಬೆಚ್ಚಿಬಿದ್ದಂತೆ ಕಾಣುತ್ತದೆ. ನಿಮ್ಮ ಕೈಗೆ ಕಷ್ಟವಾಗುವ ಕಡೆಯ ಕಣ್ಣನ್ನು ಮೊದಲು ಬರೆಯಿರಿ, ಸುಲಭದ ಕಣ್ಣನ್ನು ಅದಕ್ಕೆ ಹೊಂದಿಸುವುದು ಹಗುರ. ಮೆಳ್ಳೆಗಣ್ಣಾದರೆ ಎರಡೂ ಪಾಪೆಗಳನ್ನು ಒಂದೇ ಪಕ್ಕಕ್ಕೆ ಸರಿಸಿ, ಓರೆನೋಟ ಸಹಜವಾಗಿ ಕಾಣುತ್ತದೆ.

ಹುಬ್ಬನ್ನು ತೆಳ್ಳಗೆ ಬರೆಯಲು ಹೋಗಲೇಬೇಡಿ. ದಪ್ಪಗೆ ಬರೆದು, ಒಣಗಿದ ಮೇಲೆ ಮೇಲೂ ಕೆಳಗೂ ಮುಖದ ಬಣ್ಣದಿಂದ ಕತ್ತರಿಸುತ್ತ ಬನ್ನಿ. ಕಣ್ಣಿನ ಹೊರ ಅಂಚನ್ನೂ ಹಾಗೆಯೇ ತಿದ್ದಬಹುದು. ನುಣುಪಾದ ಮುಖಗಳೆಲ್ಲ ಬಹುಮಟ್ಟಿಗೆ ಹೀಗೆ ಕತ್ತರಿಸಿ ಬಂದವೇ.

ತಪ್ಪಿದರೆ ಅರ್ಧ ನಿಮಿಷದೊಳಗೆ ಶುದ್ಧ ಒದ್ದೆ ಬ್ರಷ್‌ನಿಂದ ಎತ್ತಿ. ಬಣ್ಣ ಅರೆ ಒಣಗಿದ್ದರೆ ಮುಟ್ಟಬೇಡಿ, ಉಜ್ಜಿದರೆ ಚೂರಾಗಿ ಕಿತ್ತು ಹಳ್ಳ ಬೀಳುತ್ತದೆ. ಪೂರ್ತಿ ಒಣಗಿಸಿ ಮೇಲೆ ಬರೆಯಿರಿ. ಕಣ್ಣು ಮುಗಿದ ಮೇಲೆ ಇನ್ನೊಂದು ತೆಳು ಸ್ಯಾಟಿನ್ ಕೋಟ್ ಕೊಟ್ಟು ಒಣಗಿಸಿದರೆ, ಹುಬ್ಬು ಕೆಟ್ಟರೂ ಕಣ್ಣು ಉಳಿಯುತ್ತದೆ.

ಅಂಗಿಯ ಮೇಲಿನ ಚಿಹ್ನೆ ಹಳದಿ ಅಥವಾ ಕೆಂಪಾಗಿದ್ದರೆ ಅಡಿಯಲ್ಲಿ ಮೊದಲು ದಂತದ ಬಣ್ಣ ಹಾಕಿ. ಅವೆರಡೂ ಸಾಮಾನ್ಯವಾಗಿ ಅಡಿಯ ಬಣ್ಣ ತೋರಿಸಿಬಿಡುವ ಪಾರದರ್ಶಕ ಬಣ್ಣಗಳು, ಗಾಢ ಅಂಗಿಯ ಮೇಲೆ ಎಷ್ಟು ಕೋಟ್ ಕೊಟ್ಟರೂ ಮಂಕಾಗಿಯೇ ಇರುತ್ತವೆ. ಅಕ್ಷರಗಳಿಗೆ ನೀರಿನಲ್ಲಿ ಬಿಡಿಸಿ ಅಂಟಿಸುವ ಡೆಕಾಲ್ ವಾಸಿ. ಇಂಕ್‌ಜೆಟ್‌ನಲ್ಲಿ ಮುದ್ರಿಸಿದರೆ ನೀರಿಗೆ ಹಾಕುವ ಮುಂಚೆ ಕ್ಲಿಯರ್ ಸ್ಪ್ರೇ ಹೊಡೆಯಲೇಬೇಕು, ಇಲ್ಲದಿದ್ದರೆ ಶಾಯಿ ಹರಿದುಹೋಗುತ್ತದೆ. ಆಲ್ಕೋಹಾಲ್ ಮಾರ್ಕರ್‌ನಲ್ಲಿ ಬರೆದದ್ದೂ ಸ್ಪ್ರೇ ವಾರ್ನಿಷ್ ಬಿದ್ದಾಗ ಕದಡುತ್ತದೆ.

ಎಲ್ಲ ಮುಗಿದು 24 ಗಂಟೆಯಾದ ಮೇಲೆ ಮ್ಯಾಟ್ ವಾರ್ನಿಷ್ ಅನ್ನು 20ರಿಂದ 30 ಸೆಂ.ಮೀ. ದೂರದಿಂದ ಎರಡು ತೆಳು ಕೋಟ್ ಹೊಡೆಯಿರಿ. ಮಳೆ ಹಿಡಿದ ತೇವದ ದಿನ ಬೇಡ, ಬೂದಿ ಬಳಿದಂತೆ ಬೆಳ್ಳಗಾಗುತ್ತದೆ. ಅದು ಒಣಗಿದ ಮೇಲೆ ಕಣ್ಣಿಗೆ ಮಾತ್ರ ಬ್ರಷ್‌ನಿಂದ ಒಂದು ಚುಕ್ಕೆ ಹೊಳಪಿನ ವಾರ್ನಿಷ್ ಇಡಿ, ನೋಟಕ್ಕೆ ಜೀವ ಬರುತ್ತದೆ. ಕೈಕಾಲು ತಿರುಗುವ ಕೀಲಿನ ಒಳಗಡೆ ಬಣ್ಣವನ್ನೂ ವಾರ್ನಿಷನ್ನೂ ಹಾಕಬೇಡಿ, ಮೊದಲ ಸಲ ತಿರುಗಿಸಿದಾಗಲೇ ಅಲ್ಲಿಂದ ಸಿಪ್ಪೆ ಏಳಲು ಶುರುವಾಗುತ್ತದೆ. ಹೀಗೆ ಬರೆದ ಗೊಂಬೆ ಶೋಕೇಸಿಗೆ ಸರಿ, ಸಿಕ್ಕಿದ್ದನ್ನು ಬಾಯಿಗಿಡುವ ಮಗುವಿನ ಕೈಗೆ ಕೊಡುವಂಥದ್ದಲ್ಲ.