ಅಮೆರಿಕದ ಟಿವಿ ಅಡುಗೆ ಕಾರ್ಯಕ್ರಮ ‘ಪಯನೀರ್ ವುಮನ್’ ನಡೆಸುವ ರೀ ಡ್ರಮಂಡ್ ನಿಜಕ್ಕೂ ಸಣ್ಣ ಊರಿನವರೇ, ಅಥವಾ ಅದು ಬರೀ ಟಿವಿ ವೇಷವೇ?

ಊರು ನಿಜ, ದನಗಳೂ ನಿಜ. ‘ನಮ್ಮ ನಿಮ್ಮಂಥ ಸಾಧಾರಣ ರೈತನ ಹೆಂಡತಿ’ ಎಂಬ ಭಾವನೆ ಮಾತ್ರ ಅರ್ಧ ಸತ್ಯ.

ಅಮೆರಿಕದ ಓಕ್ಲಹೋಮ ರಾಜ್ಯದಲ್ಲಿ, ಸುಮಾರು 3,000 ಜನರಿರುವ ಪಾಹಸ್ಕ ಪಟ್ಟಣದ ಹೊರಗೆ ಅವರ ಕುಟುಂಬದ ದನಗಾವಲು ಇದೆ. 1996ರಲ್ಲಿ ಮದುವೆಯಾದಾಗಿನಿಂದ ಅವರ ಸಂಸಾರ ಅಲ್ಲೇ. ಆದರೆ ಹುಟ್ಟಿದ್ದು ಹತ್ತಿರದ ಬಾರ್ಟಲ್ಸ್‌ವಿಲ್‌ನಲ್ಲಿ, ಮೂಳೆ ತಜ್ಞರ ಮಗಳಾಗಿ. ಬೆಳೆದದ್ದು ಗಾಲ್ಫ್ ಮೈದಾನದ ಪಕ್ಕದ ಮನೆಯಲ್ಲಿ. ಓದಿದ್ದು ಲಾಸ್ ಏಂಜಲೀಸ್‌ನಲ್ಲಿ. ಗಂಡನ ಮನೆತನವಂತೂ ಅಮೆರಿಕದ ಅತಿ ದೊಡ್ಡ ಭೂಮಾಲೀಕರ ಪಟ್ಟಿಯಲ್ಲಿದೆ, ಲಕ್ಷಗಟ್ಟಲೆ ಎಕರೆ!

ಇದನ್ನೇನೂ ಅವರು ಮುಚ್ಚಿಟ್ಟಿಲ್ಲ. 2006ರಲ್ಲಿ ಶುರುವಾದ ಅವರ ಬ್ಲಾಗಿನ ಆಕರ್ಷಣೆಯೇ ‘ಪೇಟೆ ಹುಡುಗಿ ಕೌಬಾಯ್‌ನ ಕೈ ಹಿಡಿದಳು’ ಎಂಬ ಕಥೆ. ವ್ಯತ್ಯಾಸವಾಗುವುದು ಕ್ಯಾಮೆರಾ ಏನನ್ನು ತೋರಿಸಲು ಆರಿಸಿಕೊಳ್ಳುತ್ತದೆ ಎಂಬುದರಲ್ಲಿ. 2011ರಿಂದ ಫುಡ್ ನೆಟ್‌ವರ್ಕ್ ಎಂಬ ಟಿವಿ ವಾಹಿನಿಯಲ್ಲಿ ಬರುತ್ತಿರುವ ಕಾರ್ಯಕ್ರಮದಲ್ಲಿ ಕುದುರೆ, ಹಸಿದು ಬಂದ ಮಕ್ಕಳು, ಬೆಣ್ಣೆ ಸುರಿದ ಅಡುಗೆ ಕಾಣುತ್ತವೆ, ಪಹಣಿ ಕಾಣುವುದಿಲ್ಲ. ಹಾಗಾಗಿ ನೋಡುಗರು ಸರಳ ಅಡುಗೆ ಕಂಡು ಬದುಕೂ ಅಷ್ಟೇ ಸರಳ ಅಂದುಕೊಳ್ಳುತ್ತಾರೆ. ಅಂದಹಾಗೆ, ಬಹಳಷ್ಟು ಕಂತುಗಳು ಚಿತ್ರೀಕರಣವಾದದ್ದು ಅವರ ಮನೆಯ ಅಡುಗೆಮನೆಯಲ್ಲಲ್ಲ, ಅದೇ ಜಮೀನಿನಲ್ಲಿರುವ ‘ಲಾಡ್ಜ್’ ಎಂಬ ಅತಿಥಿಗೃಹದಲ್ಲಿ.