ನೈಲಾನ್ ದಾರದ ನಿರಿಗಿ, ನಿಮ್ಮ ‘ಲಾಗುತ್ತದೆ’

ಸಿಂಧನೂರಿಂದ ನೀವು ಕಳಿಸಿದ ‘ಕಾರ್ಪೆಟ್ಟಿನ ನೈಲಾನ್ ದಾರ ತಯಾರಾಗುವ ಬಗೆ’ ಓದಿದೆ. ವಿಷಯ ಹೊಸಾದು, ಅಕ್ಷರ ತಪ್ಪಿಲ್ಲ, ಛಲೋ. ಆದ್ರ ಮೂರನೇ ಪ್ಯಾರಾಕ್ಕ ಬಂದಾಗ ನಂಗ ಖರೇನ ಸಿಟ್ಟು ಬಂತು ನೋಡ್ರಿ.

‘ನೈಲಾನನ್ನು 500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಸಲಾಗುತ್ತದೆ.’ ಅಷ್ಟು ಕಾಸಿದ್ರ ದಾರ ಎಲ್ಲಿಂದ ಬರಬೇಕ್ರಿ, ಸುಟ್ಟು ಹೊಗಿ ಎದ್ದಿರ್ತದ. ನೈಲಾನ್ 6 ಅನ್ನೋ ಜಾತಿ ಕರಗೋದು ಸುಮಾರು 220ಕ್ಕ, ನೈಲಾನ್ 66 ಅನ್ನೋ ಜಾತಿ ಆದ್ರ 260ರ ಆಸುಪಾಸು. 260 ಸೆಲ್ಸಿಯಸ್ ಅಂದ್ರ 500 ಫ್ಯಾರನ್‌ಹೀಟ್. ಎಲ್ಲಿಂದನೋ ಎತ್ಕೊಂಡು ಹಂಗೇ ಇಟ್ಟೀರಿ, ಹೌದಲ್ರಿ?

ಮುಂದಿನ ಸಾಲು: ‘ನಂತರ ದಾರವನ್ನು ಸುರುಳಿ ಮಾಡಲಾಗುತ್ತದೆ.’ ಮುಗೀತು! ಇಡೀ ಲೇಖನದ ಜೀವ ಇರೋದೇ ಅಲ್ಲಿ, ನಾಕು ಶಬ್ದದಾಗ ಕೈ ತೊಳ್ಕೊಂಡೀರಿ. ಅದು ಸುರುಳಿನೂ ಅಲ್ಲ, ಸುರುಳಿ ಅಂದ್ರ ಬಾಬಿನ್‌ಗೆ ಸುತ್ತೋದು ಅಂತ ತಿಳ್ಕೊಂಡೆ ನಾನು, ಇದು ನಿರಿಗಿ. ಕುರಿ ಉಣ್ಣಿಗೆ ಹುಟ್ಟಾ ಗುಂಗುರು ಇರ್ತದ, ಕಂಬಳಿ ಅದಕ್ಕೇ ಮೈತುಂಬ ಇರೋದು, ನೈಲಾನ್ ಎಳೆ ಸಣ್ಣ ತೂತಿನಿಂದ ಇಳಿಯೋವಾಗ ಗಾಳದ ದಾರದಂಗ ನೆಟ್ಟಗ ನುಣ್ಣಗ ಇರ್ತದ, ಹಂಗೇ ಹೊಲದ್ರ ಕಾರ್ಪೆಟ್ಟು ಬೋಳು ಕಾಣ್ತದ. ಅದಕ್ಕ ಎಳೆಗಳನ್ನ ಬಿಸಿ ರೋಲರ್ ಮ್ಯಾಲ ಜಗ್ಗಿ, ಬಿಸಿ ಗಾಳಿ ಇಲ್ಲಾ ಉಗಿ ರಭಸದಾಗ ಒಂದು ಇಕ್ಕಟ್ಟು ಡಬ್ಬಿಯೊಳಗ ತುರುಕ್ತಾರ, ಮುಂದ ಜಾಗ ಇಲ್ಲ, ಹಿಂದಿಂದ ಬರೋ ದಾರ ನಿಲ್ಲಂಗಿಲ್ಲ, ತಂತಾನೇ ಮಡಚ್ಕೊಂತದ, ಬಿರಡಿಯಂಗ ಒತ್ತಾಗಿ ಹೊರಬಂದದ್ದನ್ನ ತೂತಿನ ಡ್ರಮ್ ಮ್ಯಾಲ ಆರಿಸಿದ್ರ ಆ ಮಡಿಕಿ ಹಂಗೇ ಕುಂದಿರ್ತದ. ಖಾಲಿ ಪೆನ್ನಿನ ಒಂದು ಬಾಯಿ ಮುಚ್ಚಿ ಒಳಗ ಲಾಡಿ ತುರುಕಿ ನೋಡ್ರಿ, ಗೊತ್ತಾಗ್ತದ.

ಯಾರು, ಹೆಂಗ ಮಾಡ್ತಾರ ಅಂತ ಹೇಳದ ‘ಲಾಗುತ್ತದೆ’ ಅಂತ ದಾಟಿಸೋದ್ರಾಗ ನಾನೂ ಹಿಂಗೇ ಇದ್ದೆ ಬಿಡ್ರಿ. ರಾಯಚೂರಾಗ ಪ್ರೂಫ್ ನೋಡೋ ಹುಡುಗ ಆಗಿದ್ದಾಗ ಹತ್ತಿ ಜಿನ್ನಿಂಗ್ ಬಗ್ಗೆ ‘ಬೀಜ ಬೇರ್ಪಡಿಸಲಾಗುತ್ತದೆ’ ಅಂತ ಬರದಿದ್ದೆ, ನಮ್ಮ ಹಿರಿಯರು ಕನ್ನಡಕ ಕೆಳಗಿಳಿಸಿ ‘ಯಾರಲೇ ಬೇರ್ಪಡಸ್ತಾರ, ನಿಮ್ಮಪ್ಪನಾ?’ ಅಂದು ವಾಪಸ್ ಮಿಲ್ಲಿಗೆ ಅಟ್ಟಿದ್ರು. ಚರ್ಮದ ರೋಲರ್ ಅರಳಿ ಹಿಡಿದು ಜಗ್ಗೋದು, ಚಾಕು ಬಡಿದು ಬೀಜ ಉದುರೋದು, ಎಲ್ಲಾ ನಿಂತು ನೋಡಿ, ಮೀಸಿಗೆಲ್ಲಾ ಹತ್ತಿ ಮೆತ್ಕೊಂಡು ಬಂದು ಬರದೆ. ಅದೊಂದು ಪ್ಯಾರಾ ಪೇಪರ್‌ದಾಗ ಬಂತು, ಉಳಿದದ್ದಕ್ಕೆಲ್ಲಾ ಕೆಂಪು ಗೀಟು.

ಮೂರನೇ ಪ್ಯಾರಾ ಅಷ್ಟೇ ಮತ್ತ ಬರದು ಕಳಸ್ರಿ. ನೈಲಾನ್ ಇತಿಹಾಸದ ಎರಡು ಪುಟ ಬ್ಯಾಡ.