ಮಂಡ್ಯದ ಎಡಪಂಥೀಯ ರಾಜಕಾರಣಿಯೊಬ್ಬ ತೀವ್ರವಾದಿಯಾಗುವ ಪಾತ್ರವನ್ನು ನಂಬುವಂತೆ ಕಟ್ಟುವುದು ಹೇಗೆ?

ಮಂಡ್ಯದ ಹಳ್ಳಿಯಲ್ಲಿ ಹುಟ್ಟಿ, ಮೈಸೂರಿನಲ್ಲಿ ಓದಿ, ಕೆಂಬಾವುಟ ಹಿಡಿದು ರಾಜಕಾರಣ ಮಾಡಿದವನು ಕೊನೆಗೆ ಭೂಗತನಾಗುವ ಕಾದಂಬರಿ ಬರೆಯುತ್ತಿದ್ದೀರಿ. ಅವನ ಬದುಕಿನ ಇಸವಿಗಳನ್ನು ಹೇಗೆ ಜೋಡಿಸಲಿ, ಎಲ್ಲಿ ಎಡವುವ ಸಾಧ್ಯತೆಯಿದೆ ಎಂದು ಕೇಳಿದ್ದೀರಿ.

ಮೊದಲು ಹುಟ್ಟಿದ ವರ್ಷ ಗಟ್ಟಿ ಮಾಡಿಕೊಳ್ಳಿ. ನನ್ನ ಸಲಹೆ 1955. ಆಗ 1973ರ ಬೂಸಾ ಗಲಾಟೆಯ ಹೊತ್ತಿಗೆ ಅವನು ಮೈಸೂರಿನಲ್ಲಿ ಹದಿನೆಂಟರ ವಿದ್ಯಾರ್ಥಿ. ಕನ್ನಡ ಸಾಹಿತ್ಯವನ್ನು ಬೂಸಾ ಎಂದ ಮಂತ್ರಿ ಬಸವಲಿಂಗಪ್ಪನವರ ಮಾತು ಎದ್ದದ್ದು ಆ ಊರಿನಲ್ಲೇ, ಅದಕ್ಕೆ ಪೆಟ್ಟು ತಿಂದವರು ದಲಿತ ವಿದ್ಯಾರ್ಥಿಗಳು. ನಿಮ್ಮವನು ಒಕ್ಕಲು ಮನೆತನದವನಾದರೆ ಹಾಸ್ಟೆಲಿನಲ್ಲಿ ಯಾರ ಪಕ್ಕ ನಿಂತ ಎಂಬುದನ್ನು ಅಲ್ಲೇ ತೀರ್ಮಾನಿಸಿ. ಮುಂದಿನದೆಲ್ಲ ಅದರಿಂದ ಹುಟ್ಟಬೇಕು.

ತುರ್ತು ಪರಿಸ್ಥಿತಿಯಲ್ಲಿ ಅವನನ್ನು ಜೈಲಿಗೆ ಕಳಿಸುವ ಆಸೆ ಎಲ್ಲರಿಗೂ ಬರುತ್ತದೆ. ಆದರೆ ಪಕ್ಷ ಯಾವುದು? ಸಿಪಿಐ ಆಗ ಇಂದಿರಾ ಗಾಂಧಿಯವರನ್ನು ಬೆಂಬಲಿಸಿತ್ತು, ಸಿಪಿಎಂ ವಿರೋಧಿಸಿತ್ತು. ಇದನ್ನು ಅದಲುಬದಲು ಮಾಡಿದರೆ ತಿಳಿದ ಓದುಗ ಪುಸ್ತಕ ಮುಚ್ಚಿಡುತ್ತಾನೆ.

ಊರಿಗೆ ಮರಳಿದವನಿಗೆ ಹೆಸರು ತರುವುದು ಭಾಷಣವಲ್ಲ, ಅರ್ಜಿ. 1974ರ ಭೂಸುಧಾರಣೆ ತಿದ್ದುಪಡಿಯಾದ ಮೇಲೆ ಗೇಣಿದಾರರು ತಾವು ಉಳುವ ಜಮೀನಿನ ಒಡೆತನ ಕೇಳಿ ಫಾರಂ ನಂಬರ್ 7 ಹಾಕಬೇಕಿತ್ತು. ಕೊನೆಯ ಗಡುವು 1979ರ ಜೂನ್ 30. ಭೂ ನ್ಯಾಯಮಂಡಳಿಯ ಮುಂದೆ ವಕೀಲರು ಹಾಜರಾಗುವುದನ್ನು ಕಾಯ್ದೆಯೇ ತಡೆದಿತ್ತು. ಆದ್ದರಿಂದ ಓದು ಬಲ್ಲ ಹುಡುಗನೊಬ್ಬ ಊರಿಗೆ ದೊಡ್ಡ ಆಸರೆ. ಅವನ ಕೆಲಸವನ್ನು ಹತ್ತಿರದಿಂದ ತೋರಿಸಿ: ಪಹಣಿ ತೆಗೆಸಿ, ಒಂಬತ್ತನೇ ಕಾಲಂನಲ್ಲಿ ಒಡೆಯನ ಹೆಸರು ನೋಡಿ, ಹನ್ನೆರಡನೇ ಕಾಲಂನಲ್ಲಿ ಉಳುವವನ ಹೆಸರು ಇದೆಯೋ ಇಲ್ಲವೋ ಎಂದು ಬೆರಳಿಟ್ಟು ಹುಡುಕುತ್ತಾನೆ. ಆ ಹೆಸರು ಇಲ್ಲದಿದ್ದರೆ ಗೇಣಿ ರಸೀದಿ ಬೇಕು. ಬಾಯಿಮಾತಿನ ಗೇಣಿಗೆ ರಸೀದಿ ಎಲ್ಲಿಂದ ಬರಬೇಕು? ಅಲ್ಲಿ ಕೇಸು ಬಿದ್ದುಹೋಗುತ್ತದೆ.

ಆದರೂ ಕಾದಂಬರಿಯನ್ನು ಪೂರ್ತಿ ಗೇಣಿಯ ಮೇಲೆ ನಿಲ್ಲಿಸಬೇಡಿ. ಮಂಡ್ಯ ದಕ್ಷಿಣ ಕನ್ನಡವಲ್ಲ, ಇಲ್ಲಿ ಸ್ವಂತ ಉಳುಮೆಯ ಸಣ್ಣ ಹಿಡುವಳಿದಾರರೇ ಹೆಚ್ಚು. ಇಲ್ಲಿನ ಜಗಳ ನೀರಿನದು, ಕಬ್ಬಿನ ಬಾಕಿಯದು. ಅವನ ಊರನ್ನು ವಿಶ್ವೇಶ್ವರಯ್ಯ (ವಿ.ಸಿ.) ನಾಲೆಯ ಕೊನೆ ಭಾಗದಲ್ಲಿ, ಮದ್ದೂರು ಅಥವಾ ಮಳವಳ್ಳಿ ತಾಲ್ಲೂಕಿನಲ್ಲಿ ಇಡಿ. ಕಟ್ಟು ಪದ್ಧತಿಯಲ್ಲಿ, ಅಂದರೆ ಸರದಿಯ ಮೇಲೆ, ನೀರು ಬಿಟ್ಟಾಗ ಮೇಲಿನ ಊರಿನವರು ರಾತ್ರಿ ತೂಬು ಎತ್ತಿದರೆ ಕೊನೆಯ ಗದ್ದೆಗೆ ಬರುವ ಹೊತ್ತಿಗೆ ಕಟ್ಟೇ ಮುಗಿದಿರುತ್ತದೆ. ಹಾಗೆ ತೂಬು ಎತ್ತಿದವನು ಜಮೀನ್ದಾರನಲ್ಲ, ಅವನದೇ ಭಾವಮೈದ. ಓದಿಕೊಂಡ ವರ್ಗಸಂಘರ್ಷ ಇಲ್ಲಿಗೆ ಹೊಂದುವುದಿಲ್ಲ ಎಂಬುದು ಅವನಿಗೆ ಮೊದಲು ತಟ್ಟುವುದು ಇಲ್ಲೇ.

1980ರಲ್ಲಿ ರೈತ ಸಂಘ ಹುಟ್ಟುತ್ತದೆ. ಸಾಲಕ್ಕೆ ಜಪ್ತಿಯಾದ ಸಾಮಾನನ್ನು ಮರುಜಪ್ತಿ ಮಾಡುವುದು, ಅನುಮತಿಯಿಲ್ಲದೆ ಅಧಿಕಾರಿಗಳು ಊರೊಳಗೆ ಬರಬಾರದೆಂದು ಫಲಕ ಹಾಕುವುದು ಇವೆಲ್ಲ ಆಗ ನಡೆದದ್ದೇ. ಅವನ ಜನರೆಲ್ಲ ಹಸಿರು ಶಾಲಿಗೆ ಹೋದಾಗ ಕೆಂಪು ಬಾವುಟದವನ ಕಚೇರಿ ಖಾಲಿಯಾಗುತ್ತದೆ. ದಯವಿಟ್ಟು ಅವನನ್ನು ಶಾಸಕ ಮಾಡಬೇಡಿ. 1983ರಲ್ಲಿ ನಿಂತು, ಚಲಾವಣೆಯಾದ ಮತದ ಆರನೇ ಒಂದು ಭಾಗವೂ ಸಿಗದೆ 250 ರೂಪಾಯಿ ಠೇವಣಿ ಕಳೆದುಕೊಳ್ಳಲಿ. 1987ರ ಜನವರಿಯ ಜಿಲ್ಲಾ ಪರಿಷತ್ ಚುನಾವಣೆಯಲ್ಲಿ ಗೆಲ್ಲಲಿ. ಅವನಿಗೆ ಸಿಗುವ ದೊಡ್ಡ ಅಧಿಕಾರ ಅಷ್ಟೇ, ಕಾದಂಬರಿಗೆ ಅಷ್ಟು ಸಾಕು.

ತಿರುವನ್ನು ಲಾಠಿ ಏಟಿನ ಮೇಲೆ ಇಡುವವರೇ ಬಹಳ ಮಂದಿ. ನಾನು 1991ರ ಡಿಸೆಂಬರ್ ಮೇಲೆ ಇಡುತ್ತೇನೆ. ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶ ಗೆಜೆಟ್‌ನಲ್ಲಿ ಪ್ರಕಟವಾದ ಮೇಲೆ ಗಲಭೆ ಹಬ್ಬಿತು, ತಮಿಳು ಕೂಲಿಕಾರರು ಮನೆ ಬಿಟ್ಟು ಓಡಿದರು. ನೀರಿನ ಹೋರಾಟದಲ್ಲಿ ಮುಂದೆ ನಿಂತವನು ಇವನೇ. ಕೂಲಿಕಾರರ ಗುಡಿಸಲಿಗೆ ಅಡ್ಡ ನಿಲ್ಲಬೇಕಾದವನೂ ಇವನೇ. ನಿಂತರೆ ‘ಅಣ್ಣಯ್ಯ’ ಎನ್ನುತ್ತಿದ್ದ ಊರೇ ಬೆನ್ನು ತಿರುಗಿಸುತ್ತದೆ. ಮರುತಿಂಗಳೇ ಜಿಲ್ಲಾ ಪರಿಷತ್ತಿನ ಐದು ವರ್ಷವೂ ಮುಗಿಯುತ್ತದೆ, ಹೊಸ ಚುನಾವಣೆ ಕೂಡಲೇ ಬರುವುದಿಲ್ಲ. ಸರ್ಕಾರ ಹೊಡೆದರೆ ಇಂಥವನು ಇನ್ನಷ್ಟು ಗಟ್ಟಿಯಾಗುತ್ತಾನೆ. ಜನ ಬಿಟ್ಟರೆ ಮಾತ್ರ, ಜನರ ಒಪ್ಪಿಗೆಗೆ ಕಾಯದ ದಾರಿ ಅವನಿಗೆ ಸರಿಯೆನಿಸತೊಡಗುತ್ತದೆ. ಪಾತ್ರದ ಜೀವ ಇರುವುದು ಇದರಲ್ಲಿ. ಇದಕ್ಕೆ ನೂರು ಪುಟ ಕೊಟ್ಟರೂ ಹೆಚ್ಚಲ್ಲ.

ಭೂಗತ ಜೀವನವನ್ನು ಮಂಡ್ಯದಲ್ಲಿ ನಡೆಸಬೇಡಿ. ಗದ್ದೆ, ಕಬ್ಬು, ಹೆಜ್ಜೆಗೊಂದು ಊರು. ಹೊಸ ಮುಖ ಕಂಡರೆ ಸಂಜೆಯೊಳಗೆ ಎಲ್ಲರಿಗೂ ಗೊತ್ತು. ಅವನು ನಕ್ಸಲರಿದ್ದ ಮಲೆನಾಡಿಗೇ ಹೋಗಬೇಕು. ಅಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಕ್ಕಲೆಬ್ಬಿಸುವಿಕೆಯ ಭಯವಿತ್ತು, 2003ರ ನವೆಂಬರ್‌ನಲ್ಲಿ ಕಾರ್ಕಳದ ಈದುವಿನಲ್ಲಿ ಎನ್‌ಕೌಂಟರ್ ಆಯಿತು, 2005ರ ಫೆಬ್ರವರಿ 6ರಂದು ಮೈಸೂರಿನ ನಕ್ಸಲ್ ನಾಯಕ ಸಾಕೇತ್ ರಾಜನ್ ಚಿಕ್ಕಮಗಳೂರು ಜಿಲ್ಲೆಯ ಬಲಿಗೆಯಲ್ಲಿ ಎನ್‌ಕೌಂಟರ್‌ನಲ್ಲಿ ಸತ್ತರು. ಅಷ್ಟರಲ್ಲಿ ನಿಮ್ಮವನಿಗೆ ಐವತ್ತು. ಇಂಬಳ (ಜಿಗಣೆ) ಹತ್ತುವ ಮಳೆಕಾಡಿನಲ್ಲಿ ಹೊರೆ ಹೊತ್ತು ರಾತ್ರಿಯೆಲ್ಲ ನಡೆಯಲು ಆ ಮಂಡಿಗಳು ಒಪ್ಪುವುದಿಲ್ಲ. ಬಂದೂಕು ಕೊಡುವ ಬದಲು ಕರಪತ್ರ ಬರೆಯುವ, ಮನೆಮನೆಯಲ್ಲಿ ಮಾತಾಡುವ ಕೆಲಸ ಕೊಡಿ, ನಂಬುವಂತಿರುತ್ತದೆ.

ಹೆಂಡತಿಯನ್ನು ಮರೆಯಬೇಡಿ. ಜಮೀನು ಅವನ ಹೆಸರಿನಲ್ಲೇ ಇರುತ್ತದೆ. ಅವನು ಸತ್ತಿಲ್ಲವಾದ್ದರಿಂದ ಮರಣ ಪ್ರಮಾಣಪತ್ರವಿಲ್ಲ, ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆಯಾಗುವುದಿಲ್ಲ, ಸೊಸೈಟಿ ಸಾಲವೂ ಹುಟ್ಟುವುದಿಲ್ಲ. ಏಳು ವರ್ಷ ಸುದ್ದಿಯಿಲ್ಲದಿದ್ದರೆ ಸಿವಿಲ್ ಕೋರ್ಟಿನಲ್ಲಿ ಸತ್ತನೆಂದು ಘೋಷಿಸಿಕೊಳ್ಳಬಹುದು, ಆದರೆ ಪೊಲೀಸರು ಹುಡುಕುತ್ತಿರುವವನ ಹೆಸರಿನಲ್ಲಿ ಆ ದಾವೆ ಹೂಡಲು ಅವಳಿಗೆ ಧೈರ್ಯ ಬೇಕು. ಅವನನ್ನು ಜೀವಂತ ಮರಳಿಸುವುದಾದರೆ 2025ರ ಜನವರಿಯಲ್ಲಿ ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಶರಣಾದದ್ದನ್ನು ನೋಡಿಕೊಳ್ಳಿ. ಶರಣಾದರೆ ಕೇಸುಗಳು ರದ್ದಾಗುವುದಿಲ್ಲ. ಮೊದಲು ಜೈಲು, ಆಮೇಲೆ ಒಂದೊಂದೇ ಊರಿನ ಕೋರ್ಟು. ಎಪ್ಪತ್ತರ ಮುದುಕನಿಗೆ ಜಾಮೀನು ನಿಲ್ಲಲು ಊರಿನಿಂದ ಯಾರು ಬರುತ್ತಾರೆ ಎಂಬುದನ್ನು ಬರೆಯಲು ಕೂರುವ ಮೊದಲೇ ಗೊತ್ತುಮಾಡಿಕೊಳ್ಳಿ.